ಬಿಳಿ ಸಸಿಯ ತಪ್ಪು ಯಾರದು?

"ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ." ಅನುವಂಶೀಯತೆಯ ಪಾಠ ಬಂತೆಂದರೆ ನಾವೆಲ್ಲ ಬೋರ್ಡಿನ ಮೇಲೆ ಬರೆಯುವ ಮೊದಲ ವಾಕ್ಯ ಇದು. ಶಾಲೆ ಕಾಸರಗೋಡಿನಲ್ಲಿರಲಿ, ತಾಳವಾಡಿಯಲ್ಲಿರಲಿ, ಜತ್ತದಲ್ಲಿರಲಿ, ಮಡಕಶಿರಾದಲ್ಲಿರಲಿ, ಪುಸ್ತಕ ಅಚ್ಚು ಹಾಕುವ ಸರಕಾರ ಬೇರೆ ಬೇರೆ, ಈ ವಾಕ್ಯ ಮಾತ್ರ ಒಂದೇ. ಬಟಾಣಿ, ಮೆಂಡೆಲ್, ಮೂರಕ್ಕೆ ಒಂದು, ಪಾಠ ಮುಗಿಯಿತು.

ಈ ವಾಕ್ಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೋಶಕೇಂದ್ರದ ಮಟ್ಟಿಗೆ ಅದು ಸರಿ. ಆದರೆ ಹಸಿರು ಎಲೆಯ ಮಟ್ಟಿಗೆ ಅದು ಸಾಲದು. ಎಲೆಯನ್ನು ಹಸಿರಾಗಿಸುವ ಪ್ಲಾಸ್ಟಿಡ್‌ಗಳು ಕೋಶಕೇಂದ್ರದ ಹೊರಗಿವೆ, ಅವಕ್ಕೆ ತಮ್ಮದೇ ಡಿಎನ್‌ಎ ಇದೆ, ಅವು ಮಗುಸಸಿಗೆ ಬರುವ ದಾರಿಯೇ ಬೇರೆ. ಈ ಸಂಗತಿಯನ್ನು 'ಸಿಲಬಸ್ಸಿನಲ್ಲಿ ಇಲ್ಲ' ಎಂದು ಬಿಟ್ಟುಬಿಡುವುದು ಸರಿಯಲ್ಲ, ಎಂಟರಿಂದ ಹತ್ತನೇ ತರಗತಿಯವರೆಗೆ ಎಲ್ಲಾದರೂ ಒಂದು ಪೀರಿಯಡ್ ಇದಕ್ಕೆ ಕೊಡಬೇಕು ಎಂಬುದು ನನ್ನ ವಾದ. ಕಾರಣ ಬರೀ ಜೀವಶಾಸ್ತ್ರದ್ದಲ್ಲ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಗಿಡಗಳ ಹತ್ತಿರ ಹೋಗೋಣ.

ಸಂಜೆ ಮಲ್ಲಿಗೆ ನಿಮ್ಮೆಲ್ಲರಿಗೂ ಗೊತ್ತು. ಮಲಯಾಳದ ಮಕ್ಕಳು ಅದನ್ನು ನಾಲುಮಣಿಪ್ಪೂವು ಅಂತಾರೆ, ತಮಿಳಿನವರು ಅಂದಿಮಂದಾರೈ, ತೆಲುಗರು ಚಂದ್ರಕಾಂತ, ಮರಾಠಿಯವರು ಗುಲಬಕ್ಷಿ. ಗಡಿಯ ಆಚೆ ಈಚೆ ಎಲ್ಲ ಹಿತ್ತಿಲುಗಳಲ್ಲೂ ಇರುವ, ಕರಿಮೆಣಸಿನಂಥ ಬೀಜ ಬಿಡುವ ಗಿಡ. ಇದರ ಒಂದು ತಳಿಯಲ್ಲಿ ಎಲೆ ಹಸಿರು-ಬಿಳಿ ಮಚ್ಚೆಯಾಗಿರುತ್ತದೆ. ಅದೇ ಗಿಡದಲ್ಲಿ ಕೆಲವು ಕೊಂಬೆ ಪೂರ್ತಿ ಹಸಿರು, ಕೆಲವು ಪೂರ್ತಿ ಬಿಳಿ, ಕೆಲವು ಮಚ್ಚೆ. ಮೆಂಡೆಲನ ನಿಯಮವನ್ನು 1900ರಲ್ಲಿ ಮತ್ತೆ ಕಂಡುಹಿಡಿದವರಲ್ಲಿ ಒಬ್ಬನಾದ ಜರ್ಮನಿಯ ಕಾರ್ಲ್ ಕೊರೆನ್ಸ್ ಈ ಕೊಂಬೆಗಳ ಹೂಗಳನ್ನು ಎಲ್ಲ ರೀತಿಯಲ್ಲೂ ಕೂಡಿಸಿ ನೋಡಿದ. 1909ರಲ್ಲಿ ಅವನು ಪ್ರಕಟಿಸಿದ ಫಲಿತಾಂಶ ಇಷ್ಟು: ಹಸಿರು ಕೊಂಬೆಯ ಹೂವಿಗೆ ಯಾವ ಕೊಂಬೆಯ ಪರಾಗ ಹಾಕಿದರೂ ಹಸಿರು ಸಸಿ. ಬಿಳಿ ಕೊಂಬೆಯ ಹೂವಿಗೆ ಯಾವ ಪರಾಗ ಹಾಕಿದರೂ ಬಿಳಿ ಸಸಿ, ಬೀಜದಲ್ಲಿ ತಂದ ಬುತ್ತಿ ಮುಗಿದ ಮೇಲೆ ಅದು ಸಾಯುತ್ತದೆ. ಮಚ್ಚೆ ಕೊಂಬೆಯಿಂದ ಮೂರೂ ಬಗೆ. ಪರಾಗ ಕೊಟ್ಟ ಗಿಡದ ಎಲೆ ಹೇಗಿತ್ತು ಎಂಬುದಕ್ಕೆ ಬೆಲೆಯೇ ಇಲ್ಲ.

ಇಲ್ಲೊಂದು ಸ್ವಾರಸ್ಯ ಗಮನಿಸಿ. ಕೆಂಪು ಹೂ, ಬಿಳಿ ಹೂ ಕೂಡಿ ಗುಲಾಬಿ ಬಣ್ಣ ಬರುವ ಅಪೂರ್ಣ ಪ್ರಾಬಲ್ಯದ ಪಾಠಕ್ಕೂ ನಾವು ಇದೇ ಸಂಜೆ ಮಲ್ಲಿಗೆಯನ್ನು ತರುತ್ತೇವೆ, ಅಲ್ವಾ? ಹೂವಿನ ಬಣ್ಣ ಕೋಶಕೇಂದ್ರದ ಲೆಕ್ಕ, ಎಲೆಯ ಮಚ್ಚೆ ಪ್ಲಾಸ್ಟಿಡಿನ ಲೆಕ್ಕ. ಒಂದೇ ಗಿಡ, ಎರಡು ಲೆಕ್ಕ. ನಾವು ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಡುತ್ತೇವೆ.

ಅದೇ 1909ರಲ್ಲಿ ಅದೇ ದೇಶದ ಎರ್ವಿನ್ ಬೌರ್ ಎಂಬುವನು ಕುಂಡದ ಜಿರೇನಿಯಂ ಗಿಡ ಹಿಡಿದು ಕೂತಿದ್ದ. ಊಟಿ, ಕೂನೂರಿನ ಮನೆ ಮುಂದೆ ಸಾಲಾಗಿ ಇಟ್ಟಿರುತ್ತಾರಲ್ಲ, ಅದೇ ಗಿಡ. ಹಸಿರು ಎಲೆಯದನ್ನೂ ಬಿಳಿ ಅಂಚಿನ ಎಲೆಯದನ್ನೂ ಕೂಡಿಸಿದಾಗ ಅವನಿಗೆ ಹಸಿರು, ಬಿಳಿ, ಮಚ್ಚೆ ಮೂರೂ ಬಗೆಯ ಸಸಿ ಬಂದವು, ಯಾವುದನ್ನು ತಾಯಿ ಮಾಡಿದರೂ ಅಷ್ಟೆ. ಇದಕ್ಕೆ ಬೌರ್ ಕೊಟ್ಟ ವಿವರಣೆ ಇಂದಿಗೂ ನಿಂತಿದೆ: ಜಿರೇನಿಯಂನಲ್ಲಿ ಪ್ಲಾಸ್ಟಿಡ್ ತಾಯಿಯಿಂದಲೂ ಬರುತ್ತದೆ, ಪರಾಗದಿಂದಲೂ ಬರುತ್ತದೆ. ಕೋಶ ಒಡೆಯುತ್ತಾ ಹೋದ ಹಾಗೆ ಎರಡು ಬಗೆಯವು ಬೇರೆ ಬೇರೆ ಕೋಶಗಳಿಗೆ ಹಂಚಿಹೋಗುತ್ತವೆ, ಎಲೆಯಲ್ಲಿ ಪಟ್ಟೆ ಬೀಳುತ್ತದೆ.

ಹಾಗಾಗಿ 'ಪ್ಲಾಸ್ಟಿಡ್ ಯಾವಾಗಲೂ ಅಮ್ಮನಿಂದ' ಎಂಬ ಇನ್ನೊಂದು ಸಿದ್ಧ ವಾಕ್ಯವನ್ನೂ ಮಕ್ಕಳ ತಲೆಗೆ ತುಂಬಬೇಡಿ. 1988ರಲ್ಲಿ ಇನ್ನೂರಕ್ಕೂ ಹೆಚ್ಚು ಹೂಗಿಡ ಪ್ರಭೇದಗಳ ಪರಾಗವನ್ನು ಪರೀಕ್ಷಿಸಿದಾಗ ಹೆಚ್ಚಿನವುಗಳ ಪರಾಗದ ಸಂಬಂಧಪಟ್ಟ ಕೋಶದಲ್ಲಿ ಪ್ಲಾಸ್ಟಿಡ್ ಡಿಎನ್‌ಎ ಕಾಣಲಿಲ್ಲ, ಆದರೆ ಐದರಲ್ಲಿ ಒಂದಕ್ಕೆ ಹತ್ತಿರದಷ್ಟು ಪ್ರಭೇದಗಳಲ್ಲಿ ಕಂಡಿತು. ಪೈನ್ ಜಾತಿಯ ಮರಗಳಲ್ಲಂತೂ ಸಾಮಾನ್ಯವಾಗಿ ತಂದೆಯ ಕಡೆಯಿಂದಲೇ ಬರುತ್ತದೆ. 2023ರಲ್ಲಿ ಜರ್ಮನಿಯ ಒಂದು ತಂಡ ತಂಬಾಕಿನ ಗಿಡದಲ್ಲಿ ತೋರಿಸಿದ್ದು ಇನ್ನೂ ವಿಚಿತ್ರ: ಪರಾಗ ಬೆಳೆಯುವ ಕಾಲದಲ್ಲಿ ಚಳಿ ಹೊಡೆದರೆ ತಂದೆಯ ಪ್ಲಾಸ್ಟಿಡ್ ನುಸುಳುವ ಪ್ರಮಾಣ ಏರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಲ್ಲಿಯವರೆಗೆ ಹೇಳಿದ ಬಿಳಿ ಸಸಿಗಳಲ್ಲಿ ಪ್ಲಾಸ್ಟಿಡೇ ಕೆಟ್ಟಿತ್ತು. ಆದರೆ ಹೂಗಿಡ ಬೆಳೆಸುವವರಿಗೆ ಇನ್ನೊಂದು ಬಗೆಯ ಬಿಳಿ ಸಸಿ ಎದುರಾಗುತ್ತದೆ. ತಾಯಿ ಹಸಿರು, ತಂದೆ ಹಸಿರು, ಎರಡೂ ಗಟ್ಟಿಮುಟ್ಟು, ಹುಟ್ಟಿದ ಸಸಿ ಮಾತ್ರ ಹಾಲಿನ ಹಾಗೆ ಬಿಳಿ.

ನೀಲಗಿರಿಯ ಜೌಗು ನೆಲದಲ್ಲಿ ತಾನೇ ತಾನಾಗಿ ಹಬ್ಬಿರುವ ಬಿಳಿ ಕ್ಯಾಲಾ ಲಿಲಿಯನ್ನು ನೋಡಿದ್ದೀರಲ್ಲ? ಅದರ ಮೂಲ ದಕ್ಷಿಣ ಆಫ್ರಿಕಾ. ಅದರ ನೆಂಟರಲ್ಲಿ ಹಳದಿ ಹೂವಿನದಿದೆ, ಗುಲಾಬಿ ಹೂವಿನದಿದೆ. ಬಣ್ಣದವುಗಳಿಗೆ ಗೆಡ್ಡೆ ಕೊಳೆಯುವ ರೋಗ ಬೇಗ ತಗಲುತ್ತದೆ, ಬಿಳಿಯದು ಅದನ್ನು ಹೆಚ್ಚು ತಾಳಿಕೊಳ್ಳುತ್ತದೆ. ಬಿಳಿಯದರ ತಾಳಿಕೆ, ಇವುಗಳ ಬಣ್ಣ ಎರಡೂ ಒಂದೇ ಗಿಡದಲ್ಲಿ ಸಿಕ್ಕರೆ ಎಷ್ಟು ಚೆನ್ನ ಎಂದು ತಳಿಗಾರರು ಕೂಡಿಸಿ ನೋಡಿದರು. ಹೂವಿನ ಬಣ್ಣ ನೋಡುವ ಮಟ್ಟಕ್ಕೆ ಬಂದದ್ದೇ ಕಷ್ಟ, ಬಂದ ಸಸಿಗಳು ಬಿಳಿಚಿಕೊಂಡವು. ಜಪಾನಿನಲ್ಲಿ ಅಜೇಲಿಯಾದ ಕಥೆಯೂ ಹೀಗೇ. ಎಲೆ ಉದುರಿಸದ ಅಜೇಲಿಯಾದಲ್ಲಿ ಹಳದಿ ಹೂ ತರಬೇಕೆಂದು ಎಲೆ ಉದುರಿಸುವ ಹಳದಿ ಜಾತಿಯ ಪರಾಗ ಹಾಕಿದರೆ ಬಹಳಷ್ಟು ಸಸಿಗಳು ಬಿಳಿಯಾದವು. ಹಸಿರಾಗಿ ಉಳಿದ ಕೆಲವನ್ನು ಪರೀಕ್ಷಿಸಿದಾಗ ಅವುಗಳಲ್ಲಿ ತಂದೆಯ ಕಡೆಯ ಪ್ಲಾಸ್ಟಿಡ್ ಸಿಕ್ಕಿತು. ನೀಲಗಿರಿಯ ಹುಲ್ಲುಗಾವಲಿನಲ್ಲಿ ಕೆಂಪು ಹೂ ಬಿಡುವ ರೋಡೋಡೆಂಡ್ರಾನ್ ಮರ ಇದೇ ಅಜೇಲಿಯಾಗಳ ಕುಲದ್ದು.

ಯಾಕೆ ಹೀಗೆ? ಇದನ್ನು ಮಕ್ಕಳಿಗೆ ಹೇಳುವುದು ಕಷ್ಟವೇನಲ್ಲ. ಪ್ಲಾಸ್ಟಿಡ್ ಒಂದು ಕಾಲದಲ್ಲಿ ಸ್ವತಂತ್ರವಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯಾದ ಸಂತತಿ. ದೊಡ್ಡ ಕೋಶದೊಳಗೆ ಸೇರಿಕೊಂಡು ಕಾಲಕ್ರಮದಲ್ಲಿ ತನ್ನ ಹೆಚ್ಚಿನ ಜೀನ್‌ಗಳನ್ನು ಕೋಶಕೇಂದ್ರಕ್ಕೆ ಬಿಟ್ಟುಕೊಟ್ಟಿತು. 1986ರಲ್ಲಿ ತಂಬಾಕಿನ ಪ್ಲಾಸ್ಟಿಡ್ ಡಿಎನ್‌ಎಯನ್ನು ಪೂರ್ತಿ ಓದಿದಾಗ ಕಂಡದ್ದು ಸುಮಾರು ಒಂದೂವರೆ ಲಕ್ಷ ಅಕ್ಷರ, ನೂರಕ್ಕೆ ಸ್ವಲ್ಪ ಮೇಲ್ಪಟ್ಟು ಜೀನ್‌ಗಳು. ಕೆಲಸಕ್ಕೆ ಬೇಕಾದ ಪ್ರೋಟೀನುಗಳು ಮಾತ್ರ ಸಾವಿರಾರು. ಬಾಕಿಯೆಲ್ಲ ಕೋಶಕೇಂದ್ರದಿಂದ ಬರಬೇಕು. ಗಾಳಿಯ ಇಂಗಾಲವನ್ನು ಹಿಡಿಯುವ ರುಬಿಸ್ಕೋ ಎಂಬ ಕಿಣ್ವವನ್ನೇ ತೆಗೆದುಕೊಳ್ಳಿ. ಅದರಲ್ಲಿ ಎಂಟು ದೊಡ್ಡ ತುಂಡು, ಎಂಟು ಸಣ್ಣ ತುಂಡು. ದೊಡ್ಡದರ ನಕಾಶೆ ಪ್ಲಾಸ್ಟಿಡಿನಲ್ಲಿ, ಸಣ್ಣದರ ನಕಾಶೆ ಕೋಶಕೇಂದ್ರದಲ್ಲಿ. ನಟ್ಟು ಒಂದು ಅಂಗಡಿಯದು, ಬೋಲ್ಟು ಇನ್ನೊಂದು ಅಂಗಡಿಯದು. ಎರಡೂ ಅಂಗಡಿಯವರು ತಲತಲಾಂತರದಿಂದ ಒಬ್ಬರ ಅಳತೆ ಒಬ್ಬರು ನೋಡಿಕೊಂಡು ಮಾಡುತ್ತಾ ಬಂದಿರುವುದರಿಂದ ಕೂರುತ್ತದೆ. ಬೇರೆ ಊರಿನ ಬೋಲ್ಟು ತಂದರೆ ಕೆಲವೊಮ್ಮೆ ಕೂರುತ್ತದೆ, ಕೆಲವೊಮ್ಮೆ ಕೂರುವುದಿಲ್ಲ. ಕೂರದಿದ್ದರೆ ಬೋಲ್ಟು ಕೆಟ್ಟದ್ದು ಅಂತ ಅಲ್ಲ, ನಟ್ಟು ಕೆಟ್ಟದ್ದು ಅಂತಲೂ ಅಲ್ಲ.

ಇದು ಬರೀ ಉಪಮೆ ಅಲ್ಲ, ಸಾಕ್ಷಿ ಇದೆ. ಜರ್ಮನಿಯ ಒಟ್ಟೊ ರೆನ್ನರ್ 1920ರ ದಶಕದಿಂದ ಈನೊಥೆರಾ ಎಂಬ, ಸಂಜೆ ಅರಳುವ ಹಳದಿ ಹೂವಿನ ಗಿಡಗಳ ಮೇಲೆ ಕೆಲಸ ಮಾಡಿದ. ಪ್ಲಾಸ್ಟಿಡಿನ ಒಟ್ಟು ಅನುವಂಶೀಯ ಸಂಪತ್ತಿಗೆ 'ಪ್ಲಾಸ್ಟೋಮ್' ಎಂಬ ಹೆಸರನ್ನು 1934ರಲ್ಲಿ ಕೊಟ್ಟವನೂ ಅವನೇ. ಎರಡು ಪ್ರಭೇದ ಕೂಡಿದ ಗಿಡದಲ್ಲಿ ಮಚ್ಚೆ ಬಿದ್ದರೆ, ಬಿಳಿ ಭಾಗದಲ್ಲಿರುವುದು ಒಬ್ಬ ಹೆತ್ತವರ ಪ್ಲಾಸ್ಟಿಡ್, ಹಸಿರು ಭಾಗದಲ್ಲಿರುವುದು ಇನ್ನೊಬ್ಬರದು ಎಂದು ಅವನು ತೋರಿಸಿದ. ಅಷ್ಟೇ ಅಲ್ಲ, ಬಿಳಿಚಿದ ಪ್ಲಾಸ್ಟಿಡ್‌ಗಳನ್ನು ಮತ್ತೆ ಸಂಕರಣ ಮಾಡಿ ಅವಕ್ಕೆ ಹೊಂದುವ ಕೋಶಕೇಂದ್ರದ ಜೊತೆ ಸೇರಿಸಿದ. ಅವು ಮತ್ತೆ ಹಸಿರಾದವು! ಅಂದರೆ ಅವು ಕೆಟ್ಟಿರಲಿಲ್ಲ. ಜೋಡಿ ಹೊಂದಿರಲಿಲ್ಲ, ಅಷ್ಟೆ. ಜಿರೇನಿಯಂನ ಎರಡು ಕಾಡು ಪ್ರಭೇದಗಳನ್ನು ಕೂಡಿಸಿದಾಗಲೂ ಒಂದೇ ಎಲೆಯಲ್ಲಿ, ಒಂದೇ ಬಗೆಯ ಕೋಶಕೇಂದ್ರದ ಕೆಳಗೆ, ಒಬ್ಬರ ಪ್ಲಾಸ್ಟಿಡ್ ಹಸಿರಾಗಿಯೂ ಇನ್ನೊಬ್ಬರದು ಬಿಳಿಚಿಯೂ ಇರುವುದನ್ನು ನೋಡಬಹುದು.

ಇನ್ನು, ಮೆಂಡೆಲನ ಬಟಾಣಿಯೇ ಇದರಿಂದ ಹೊರತಲ್ಲ ಎಂದರೆ ನಗುತ್ತೀರೋ ಏನೋ. ಒಂದು ಕಾಡು ಬಟಾಣಿ ತಳಿಯನ್ನು ತಾಯಿ ಮಾಡಿ ಊರ ಬಟಾಣಿಯ ಪರಾಗ ಹಾಕಿದರೆ ಸಸಿ ಬಿಳಿಚುತ್ತದೆ, ಪರಾಗವೂ ಸರಿಯಾಗಿ ಕಟ್ಟುವುದಿಲ್ಲ. ಊರ ಬಟಾಣಿಯನ್ನು ತಾಯಿ ಮಾಡಿದರೆ ಸಸಿ ಚೆನ್ನಾಗಿಯೇ ಇರುತ್ತದೆ. ಮೆಂಡೆಲ್ ತಾಯಿ-ತಂದೆ ಅದಲುಬದಲು ಮಾಡಿ ನೋಡಿ ವ್ಯತ್ಯಾಸವಿಲ್ಲ ಎಂದು ಬರೆದದ್ದು ಅವನ ಗಿಡಗಳ ಮಟ್ಟಿಗೆ ನಿಜವೇ. ಅವನು ನೋಡಿದ ಲಕ್ಷಣಗಳು ಕೋಶಕೇಂದ್ರದವು.

ಇಷ್ಟು ವಿಜ್ಞಾನ. ಈಗ ನನ್ನ ಮಾತು.

ಮೊದಲನೆಯದು, ಪದದ ವಿಚಾರ. ನಾವು ಇದಕ್ಕೆ ಪಾಠದಲ್ಲಿ ಬಳಸುವ ಪದ 'ಸಂಕರ', 'ಸಂಕರಣ'. ಮೇಲೆ ನಾನೂ ಬಳಸಿದ್ದೇನೆ, ಬೇರೆ ದಾರಿ ಇಲ್ಲ. ಆದರೆ ಈ ಪದ ನಮ್ಮ ಭಾಷೆಯಲ್ಲಿ ಬರಿಗೈಯಲ್ಲಿ ಬರುವುದಿಲ್ಲ. 'ವರ್ಣಸಂಕರ' ಎಂದು ಹೇಳಿ ಜನರನ್ನು ಹೆದರಿಸಿದ ಹಳೆಯ ಚರಿತ್ರೆಯನ್ನು ಹೊತ್ತುಕೊಂಡೇ ಬರುತ್ತದೆ. 'ಬೆರಕೆ' ಎಂಬ ಅಚ್ಚಗನ್ನಡದ ಪದಕ್ಕೂ ಬೈಗುಳದ ವಾಸನೆ ಇದೆ. ಬೆರಕೆ ಮಾಡಿದ್ದಕ್ಕೆ ಸಸಿ ಸತ್ತಿತು ಎಂದು ನಾವು ತರಗತಿಯಲ್ಲಿ ಹೇಳಿದರೆ, ಹಿಂದಿನ ಬೆಂಚಿನಲ್ಲಿ ಕೂತ ಹುಡುಗನ ಕಿವಿಗೆ ಅದು ಗಿಡದ ವಿಷಯವಾಗಿ ಮಾತ್ರ ಬೀಳುತ್ತದೆ ಅಂತೀರಾ? ಬೇರೆ ಜಾತಿಯ ತಂದೆ ತಾಯಿಗೆ ಹುಟ್ಟಿದ ಮಗು ಅದೇ ತರಗತಿಯಲ್ಲಿ ಇರಬಹುದು. ಮನೆಯಲ್ಲಿ ಎರಡು ಭಾಷೆ ಆಡುವ ಮಕ್ಕಳಂತೂ ನಮ್ಮ ಶಾಲೆಗಳಲ್ಲಿ ತುಂಬ. ಇವರ ಕನ್ನಡವನ್ನು 'ಬೆರಕೆ ಕನ್ನಡ' ಎಂದು ಮೂಗು ಮುರಿಯುವವರನ್ನು ನಾವೆಲ್ಲ ಕಂಡಿದ್ದೇವೆ.

ಆದ್ದರಿಂದ ಎರಡು ಮಾತು ಸ್ಪಷ್ಟವಾಗಿ ಹೇಳಲೇಬೇಕು. ಒಂದು, ಗಿಡದಲ್ಲಿ ಹೊಂದಾಣಿಕೆ ತಪ್ಪುವುದು ಬಹಳ ಕಾಲ ಬೇರೆಯಾಗಿ ಬೆಳೆದ ಬೇರೆ ಪ್ರಭೇದಗಳ ನಡುವೆ ಅಥವಾ ತೀರ ದೂರದ ತಳಿಗಳ ನಡುವೆ. ಮನುಷ್ಯರೆಲ್ಲ ಒಂದೇ ಪ್ರಭೇದ, ನಮ್ಮ ಜಾತಿಗಳು ಜೀವಶಾಸ್ತ್ರದ ಜಾತಿಗಳಲ್ಲ. ಎರಡು, ಗಿಡಗಳಲ್ಲಿಯೂ ಕೂಡಿಸುವುದು ಎಂದರೆ ಕೆಡುವುದು ಎಂದಲ್ಲ. ಹೊಸೂರಿನ ಶೆಡ್ಡುಗಳಿಂದ ವಿಮಾನ ಹತ್ತುವ ಗುಲಾಬಿ ಹಲವು ಪ್ರಭೇದಗಳ ಕೂಡಿಕೆ. ಕೋಶಕೇಂದ್ರಕ್ಕೂ ಅದರ ಹೊರಗಿನ ಡಿಎನ್‌ಎಗೂ ಹೊಂದಾಣಿಕೆ ತಪ್ಪಿದ್ದೇ ಲಾಭಕ್ಕೆ ಬಂದ ಉದಾಹರಣೆ ನಮ್ಮ ಹೊಲದಲ್ಲೇ ಇದೆ. ಒಂದು ಬಗೆಯ ಜೋಳದ ಕೋಶದ್ರವ್ಯಕ್ಕೆ ಇನ್ನೊಂದು ಬಗೆಯ ಕೋಶಕೇಂದ್ರ ಸೇರಿಸಿದಾಗ ಪರಾಗ ಕಟ್ಟುವುದಿಲ್ಲ ಎಂದು 1954ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಇದರಲ್ಲಿ ಪಾತ್ರ ಪ್ಲಾಸ್ಟಿಡಿನದಲ್ಲ, ಮೈಟೊಕಾಂಡ್ರಿಯದ್ದು. ಪರಾಗ ಕಟ್ಟದ ಆ ಗಿಡವನ್ನೇ ತಾಯಿ ಮಾಡಿ ಬೀಜ ಎಬ್ಬಿಸಿದ್ದರಿಂದ 1964ರಲ್ಲಿ ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಹೊರಬಂತು.

ಎರಡನೆಯದು, ಅಮ್ಮನ ಮೇಲೆ ಹೊರಿಸುವ ವಿಚಾರ. ಮಗುವಿಗೆ ಏನಾದರೂ ಊನವಾದರೆ ಸೊಸೆಯ ಕಡೆ ಬೆರಳು ತೋರಿಸುವ ಮನೆಗಳು ಇನ್ನೂ ಇವೆ. ಅಂಥ ಊರಿನ ತರಗತಿಯಲ್ಲಿ 'ತಾಯಿಯಿಂದ ಬಂದ ಬಿಳಿ' ಎಂದು ಅರ್ಧ ಪಾಠ ಹೇಳಿ ಗಂಟೆ ಹೊಡೆಸಿದರೆ ಅದು ಮನೆಗೆ ಹೋಗುವ ರೂಪವೇ ಬೇರೆ. ನಮ್ಮ ದೇಹದ ಮೈಟೊಕಾಂಡ್ರಿಯ ತಾಯಿಯಿಂದ ಬರುತ್ತದೆ ಎಂದು ದೊಡ್ಡ ಮಕ್ಕಳು ಎಲ್ಲಿಂದಲೋ ಓದಿರುತ್ತಾರೆ, ಕೇಳಿಯೇ ಕೇಳುತ್ತಾರೆ. ಆಗ ರೆನ್ನರನ ಗಿಡವನ್ನು ತನ್ನಿ. ತಾಯಿಯಿಂದ ಬಂತು ಎನ್ನುವುದು ದಾರಿಯ ವಿವರ, ತಪ್ಪಿನ ತೀರ್ಪಲ್ಲ. ಬಿಳಿ ಸಸಿಯ ತಾಯಿ ತನ್ನ ಜಾಗದಲ್ಲಿ ಹಸಿರು, ತಂದೆ ತನ್ನ ಜಾಗದಲ್ಲಿ ಹಸಿರು. ಕೊಟ್ಟದ್ದರಲ್ಲಿ ದೋಷವಿಲ್ಲ.

ಮೂರನೆಯದು, ಕೇಳುವ ವಿಧಾನ. ಬಿಳಿ ಸಸಿ ಕಂಡ ತಕ್ಷಣ 'ಪ್ಲಾಸ್ಟಿಡ್' ಎಂದು ಕೂಗುವುದೂ ತಪ್ಪೇ. ಮೆಣಸಿನ ಮಡಿಯಲ್ಲಿ, ಮೆಕ್ಕೆಜೋಳದ ಸಾಲಿನಲ್ಲಿ ಕಾಣುವ ಬಿಳಿ ಸಸಿ ಕೋಶಕೇಂದ್ರದ ಅಪ್ರಬಲ ಜೀನಿನಿಂದ ಬಂದಿರಬಹುದು, ಆಗ ಲೆಕ್ಕ ಮೆಂಡೆಲನದೇ. ಮಚ್ಚೆ ಎಲೆ ವೈರಸ್ಸಿನಿಂದಲೂ ಬರುತ್ತದೆ. ಕೋಲಿಯಸ್ಸಿನ ಕೆಂಪು ಬೇರೆ ವರ್ಣದ್ರವ್ಯದ್ದು. ಯಾವುದು ಯಾವುದು ಎಂದು ಬಿಡಿಸುವ ಮೊದಲ ಕೀಲಿ ಒಂದೇ: ತಾಯಿ ತಂದೆಯನ್ನು ಅದಲುಬದಲು ಮಾಡಿ ಕೂಡಿಸಿ, ಫಲಿತಾಂಶ ಬದಲಾಗುತ್ತದೋ ನೋಡಿ. ಲ್ಯಾಬ್ ಬೇಡ, ಸೂಕ್ಷ್ಮದರ್ಶಕ ಬೇಡ. ಊಹೆಯನ್ನು ಪರೀಕ್ಷೆಯಾಗಿ ತಿರುಗಿಸುವುದು ಎಂದರೇನು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಶಾಲೆಯ ಮಟ್ಟಕ್ಕೆ ಎಲ್ಲಿ ಸಿಗುತ್ತದೆ?

"ಪರೀಕ್ಷೆಗೆ ಬರೋದಿಲ್ವಲ್ಲ" ಅಂತೀರಿ. ನಿಜ. ಮಕ್ಕಳಿಗೆ ಈಗಾಗಲೇ ಮೂರು ಭಾಷೆಯ ಹೊರೆ, ನಮಗೆ ಜನಗಣತಿಯಿಂದ ಹಿಡಿದು ಎಲ್ಲ ಹೊರೆ. ನಾನು ಹೊಸ ಅಧ್ಯಾಯ ಕೇಳುತ್ತಿಲ್ಲ, ಒಂದೇ ಪೀರಿಯಡ್. ಅದರಲ್ಲಿ ಮೆಂಡೆಲ್ ಇನ್ನೂ ಚೆನ್ನಾಗಿ ಅರ್ಥವಾಗುತ್ತಾನೆ. ನಿಯಮ ಎಲ್ಲಿ ನಿಲ್ಲುತ್ತದೆ ಎಂದು ತಿಳಿದವನಿಗೆ ಅದು ಎಲ್ಲಿಯವರೆಗೆ ನಡೆಯುತ್ತದೆ ಎಂಬುದೂ ಗೊತ್ತಾಗುತ್ತದೆ.

ಮಾಡುವುದು ಹೇಗೆ? ಮಚ್ಚೆ ಎಲೆಯ ಸಂಜೆ ಮಲ್ಲಿಗೆ ಸಿಕ್ಕರೆ ಮೂರು ಬಗೆಯ ಕೊಂಬೆಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿಸಿ, ಬೀಜವನ್ನು ಬೇರೆ ಬೇರೆ ಪೊಟ್ಟಣದಲ್ಲಿ ಕೂಡಿಸಿ, ಮಳೆಗಾಲದ ಮೊದಲಿಗೆ ಬಿತ್ತಿಸಿ. ಒಂದು ಹೂವಿಗೆ ಒಂದೇ ಬೀಜ, ಆದ್ದರಿಂದ ಎಣಿಕೆ ಸುಲಭ. ಇಲ್ಲಿ ಒಂದು ಪ್ರಶ್ನೆ ಮಕ್ಕಳೇ ಕೇಳಲಿ: ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಿರಬಹುದಲ್ಲ, ಪರಾಗಕ್ಕೆ ಬೆಲೆ ಇಲ್ಲ ಅಂತ ಹೇಗೆ ಹೇಳ್ತೀರಿ ಟೀಚರ್? ಆಗ ಮಧ್ಯಾಹ್ನ, ಮೊಗ್ಗು ಬಿರಿಯುವ ಮೊದಲೇ ಕೇಸರ ಕಿತ್ತು, ಸಂಜೆ ಬೇರೆ ಕೊಂಬೆಯ ಪರಾಗ ಹಚ್ಚುವುದನ್ನು ತೋರಿಸಿ. ಬೀಜ, ಬೇರು ವಿಷ, ಬಾಯಿಗೆ ಹಾಕಬಾರದು ಎಂದು ಮೊದಲೇ ಎಚ್ಚರಿಸಿ. ನೀಲಗಿರಿಯವರಿಗೆ ಜಿರೇನಿಯಂ ಇದೆ.

ಗಿಡ ಸಿಗದವರು ಕಾಳು ಹಿಡಿಯಿರಿ. ಪ್ರತಿ ಮಗುವಿನ ತಟ್ಟೆಯಲ್ಲಿ ಎರಡು ಹಸಿರು ಬಟಾಣಿ ಕಾಳು, ಎರಡು ಬಿಳಿ ಬಟಾಣಿ ಕಾಳು. ಪ್ರತಿ ಕಾಳಿಗೂ ಅದರದೇ ಬಣ್ಣದ ಜೋಡಿ ಸೇರಿಸಿ ಎಂಟು ಮಾಡಿ, ಕಣ್ಣು ಮುಚ್ಚಿ ನಾಲ್ಕು ತೆಗೆದಿಟ್ಟುಕೊಂಡು ಉಳಿದದ್ದನ್ನು ಬಿಡಲಿ. ಮತ್ತೆ ಎಂಟು, ಮತ್ತೆ ನಾಲ್ಕು. ಹತ್ತು ಹದಿನೈದು ಸುತ್ತಿನೊಳಗೆ ಹೆಚ್ಚಿನ ತಟ್ಟೆಗಳು ಪೂರ್ತಿ ಹಸಿರೋ ಪೂರ್ತಿ ಬಿಳಿಯೋ ಆಗಿರುತ್ತವೆ. ಮಚ್ಚೆ ಗಿಡದಲ್ಲಿ ಹಸಿರು ಕೊಂಬೆ, ಬಿಳಿ ಕೊಂಬೆ ಬೇರೆಯಾಗುವುದು ಹೀಗೇ ಎಂದು ಆಗ ಹೇಳಿದರೆ ಸಾಕು.

ಕೊನೆಗೆ ಸಂಘಕ್ಕೆ ಒಂದು ಮಾತು. ನಾಲ್ಕೈದು ರಾಜ್ಯಗಳ ಪುಸ್ತಕ ಬಳಸುವ ನಾವು ಒಂದೇ ವಸ್ತುವಿಗೆ ನಾಲ್ಕೈದು ಕನ್ನಡ ಪದ ಹೇಳುತ್ತಿದ್ದೇವೆ. ಪ್ಲಾಸ್ಟಿಡ್, ಸಂಕರಣ, ಮಿಶ್ರತಳಿ, ಅದಲುಬದಲು ಸಂಕರಣ, ಹೊಂದಾಣಿಕೆ ಇಲ್ಲದಿರುವಿಕೆ ಇವುಗಳಿಗೆಲ್ಲ ಯಾವ ಪದ ಬಳಸೋಣ ಎಂದು ಕೂತು ಒಂದು ಪಟ್ಟಿ ಮಾಡೋಣ. ಹಾಗೆ ಮಾಡುವಾಗ ಪದ ಸರಿಯೇ ಎಂಬುದರ ಜೊತೆಗೆ, ಆ ಪದ ತರಗತಿಯಲ್ಲಿ ಯಾರಿಗೆ ಚುಚ್ಚುತ್ತದೆ ಎಂಬುದನ್ನೂ ಕೇಳಿಕೊಳ್ಳೋಣ. ಬೀಜ ಸಿಕ್ಕಿದವರು ಒಂದಿಷ್ಟು ಬೇರೆ ಊರಿನ ಶಾಲೆಗೂ ಕಳಿಸಿ. ಕೊಂಬೆಯ ಹೆಸರನ್ನು ಪೊಟ್ಟಣದ ಮೇಲೆ ಬರೆಯಲು ಮರೆಯಬೇಡಿ.